ಫ್ರಿಜ್ಜು: ಇದೆ

ಮನೆಯೊಂದಕ್ಕೆ ನನಗೆ ಹದಿನೆಂಟು ರೂಪಾಯಿ.
ನೆಟ್‌ವರ್ಕ್ ಸಿಗದಿದ್ದರೆ ಅದೂ ಇಲ್ಲ.
ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಓಣಿಯಲ್ಲಿ
ಕಾಗೆ ಕೂಡ ಎರಡು ಪಟ್ಟು ಕಪ್ಪು.
ಬೆಳಿಗ್ಗೆ ಒಣಹಾಕಿದ ಬಿಳಿಯದೇನೂ
ಸಂಜೆ ಬಿಳಿಯಾಗಿ ಒಳಗೆ ಬರುವುದಿಲ್ಲ,
ಮಂಡಕ್ಕಿಯೊಂದನ್ನು ಬಿಟ್ಟು.

ಖೈರುನ್‌ಬೀ ಬಾಗಿಲಲ್ಲೇ ಕೈ ಒರೆಸಿಕೊಂಡಳು.
ಬರ್ರಿ ಮೇಡಮ್, ಈ ಸಲ ಯಾವ ಲೆಕ್ಕ?

ಬಡವರದು ಅನ್ನಲು ನಾಲಿಗೆ ಏಳಲಿಲ್ಲ.
ಕುಟುಂಬಗಳದು, ಅಂದೆ.

ತಲೆ ಎಷ್ಟು? ನಾಲ್ಕು.
ದುಡಿಯುವವರು? ಅವಳು ತನ್ನ ಕೈ ನೋಡಿಕೊಂಡಳು,
ಬಿಸಿ ಮರಳು ಅಲ್ಲಲ್ಲಿ ಸಹಿ ಹಾಕಿದ ಕೈ.
ಒಂದು, ಅಂತ ಒತ್ತಿದೆ. ಪರದೆ ಒಪ್ಪಿತು.
ಗೋಡೆ? ಎರಡು ನಮ್ಮವು, ಎರಡು ಪಕ್ಕದವರವು.
ಆ್ಯಪ್‌ನಲ್ಲಿ ಅರ್ಧ ಮನೆಗೆ ಜಾಗವಿಲ್ಲ.
ಇಟ್ಟಿಗೆ, ಅಂತ ಒತ್ತಿದೆ.

ಫ್ರಿಜ್ಜು?

ಇತ್ತು. ಮೂಲೆಯಲ್ಲಿ, ತಿಳಿನೀಲಿ, ಅವಳಷ್ಟೇ ಎತ್ತರ.
ಡಾಕ್ಟರರ ಮನೆಯಲ್ಲಿ ಪಾತ್ರೆ ತಿಕ್ಕುತ್ತಿದ್ದ ವರ್ಷ
ಸಂಬಳದ ಬಾಕಿಗೆಂದು ಆಟೊ ಹತ್ತಿ ಬಂದದ್ದು.
ಕೆಟ್ಟು ನಾಲ್ಕು ವರ್ಷ ಆತ್ರಿ, ಅಂದಳು.
ಕೆಟ್ಟದ್ದು ಎಂಬ ಉತ್ತರ ಪಟ್ಟಿಯಲ್ಲಿಲ್ಲ.
ಇದೆ. ಇಲ್ಲ. ಎರಡೇ.

ಬಾಗಿಲು ತೆಗೆದು ತೋರಿಸಿದಳು.
ಮೊಟ್ಟೆಯ ಗುಳಿಗಳಲ್ಲಿ ರಬ್ಬರು, ಪೆನ್ಸಿಲ್ ತುಂಡು, ಒಂಟಿ ಓಲೆ.
ತರಕಾರಿ ಡಬ್ಬದಲ್ಲಿ ಒಂಬತ್ತನೆಯ ತರಗತಿ.
ಐಸಿನ ಗೂಡಲ್ಲಿ ರೇಷನ್ ಕಾರ್ಡು, ಗಂಡನ ಮರಣಪತ್ರ.
ನಡುವಿನ ತಟ್ಟೆಯಲ್ಲಿ ನಾಲ್ಕು ಮಡಿಕೆಯಾಗಿ
ಮಗಳ ಶಾಲೆಯ ಬಿಳಿ ಬಟ್ಟೆ.
ಇದರ ರಬ್ಬರು ಇನ್ನೂ ಗಟ್ಟಿ ಐತ್ರಿ,
ಹೊಗಿ ಒಳಗೆ ಹೋಗಂಗಿಲ್ಲ.

ಆ್ಯಪ್ ಫೋಟೊ ಕೇಳಿತು.
ಫೋಟೊದಲ್ಲಿ ಫ್ರಿಜ್ಜು ಫ್ರಿಜ್ಜಿನ ಹಾಗೇ ಕಂಡಿತು.

ತರಬೇತಿಯ ದಿನ, ಎ.ಸಿ. ಹಾಲಿನಲ್ಲಿ,
ಗೋಡೆಯ ಮೇಲೆ ಬೆಳಕಿನ ಕಂಬಗಳು ಬೆಳೆಯುತ್ತಿದ್ದವು.
ದೇಶ ಏರುತ್ತಿದೆ, ತಲಾ ಆದಾಯ ಏರುತ್ತಿದೆ.
ಲೆಕ್ಕ ತಪ್ಪೇನಲ್ಲ.
ಡಾಕ್ಟರರ ತಲೆ, ಭಟ್ಟಿ ಮಾಲೀಕರ ತಲೆ, ಖೈರುನ್‌ಬೀಯ ತಲೆ
ಕೂಡಿಸಿ ಮೂರರಿಂದ ಭಾಗಿಸಿದರೆ
ಮೂವರ ಬಾಗಿಲಿಗೂ ಕಾರು ಬಂದು ನಿಲ್ಲುತ್ತದೆ.
ಚೀಲ ಮಾತ್ರ ಭಾಗವಾಗದೆ
ಒಂದೇ ತಲೆಯ ಮೇಲೆ ಉಳಿಯುತ್ತದೆ.

ಮಂಡಕ್ಕಿ ಚೀಲ ಆಳೆತ್ತರ.
ದೂರದಿಂದ ನೋಡಿದವರಿಗೆ, ಅಬ್ಬಾ, ಎಷ್ಟೊಂದು ಅನಿಸುತ್ತದೆ.
ಕೂಲಿ ಎತ್ತರಕ್ಕಲ್ಲ, ತೂಕಕ್ಕೆ.

ಫಲಿತಾಂಶ ಬಂತು: ರೇಖೆಯ ಮೇಲೆ.
ಮ್ಯಾಲಂದ್ರ, ಅವಳು ಕೇಳಿದಳು, ಎಷ್ಟು ಮ್ಯಾಲ್ರಿ?
ತಲೆ ಎತ್ತಿ ತಗಡಿನ ತೂತುಗಳನ್ನು ನೋಡಿದಳು,
ಅಲ್ಲೆಲ್ಲೋ ಇರಬೇಕು ಅದು ಎಂಬಂತೆ.

ಹೋದ ವರ್ಷ ನಮ್ಮ ಮನೆಗೂ ಬಂದಿದ್ದರು.
ಗಂಡನ ಬೈಕನ್ನು ನನ್ನ ತಮ್ಮನದು ಅಂದೆ.
ಫ್ರಿಜ್ಜಿಗೆ ದುಪ್ಪಟಿ ಹೊದಿಸಿ ಮೇಲೆ ದೇವರ ಫೋಟೊ ಇಟ್ಟಿದ್ದೆ.
ಒಳಗೆ ಹಾಲು ತಣ್ಣಗಿತ್ತು.
ನನ್ನ ಕಾರ್ಡು ಉಳಿಯಿತು.
ಇವಳು ನೋಡಿದರೆ ಬಾಗಿಲು ತೆಗೆದು ತೋರಿಸುತ್ತಾಳೆ.

ಹೊರಟಾಗ ಸೇರು ತಂದಳು, ಬ್ಯಾಡ ಅಂದರೂ.
ಗೋಪುರವಾಗುವಷ್ಟು ತುಂಬಿದಳು, ಅಂಗೈಯಿಂದ ಸವರಲಿಲ್ಲ,
ಮೇಲೊಂದು ಬೊಗಸೆ ಕೊಸರು ಹಾಕಿದಳು.
ಕಾಗದದ ಪೊಟ್ಟಣ ಇನ್ನೂ ಬೆಚ್ಚಗಿತ್ತು.

ರೈಲ್ವೆ ಸೇತುವೆಯ ಹತ್ತಿರ ನೆಟ್‌ವರ್ಕ್ ಸಿಕ್ಕಿತು.
ಕಳುಹಿಸಬೇಕೆ? ತಿದ್ದಬೇಕೆ?
ಎರಡು ಗುಂಡಿ, ಒಂದು ಹಸಿರು, ಒಂದು ಬೂದು.
ನಡೆಯುತ್ತಾ ತಿನ್ನುತ್ತಾ ಬಂದಿದ್ದೆ,
ಹೆಬ್ಬೆರಳಿಗೆ ಉಪ್ಪು ಹತ್ತಿದೆ.
ಎಲ್ಲಿ ಒತ್ತಿದರೂ ಪರದೆ
ನನ್ನ ಬೆರಳಿನ ಗುರುತು ಹಿಡಿಯುತ್ತಿಲ್ಲ.