ಬೀಟ್ ಪುಸ್ತಕ

ಕಂಬಕ್ಕೆ ತಂತಿಯಲ್ಲಿ ಬಿಗಿದ ಡಬ್ಬಿ, ಡಬ್ಬಿಯೊಳಗೆ ಪುಸ್ತಕ.
ರಾತ್ರಿ ಎರಡಕ್ಕೊಂದು ಸಹಿ, ನಾಲ್ಕಕ್ಕೊಂದು.
ಮೂವತ್ತೊಂದು ವರ್ಷ ಇದೇ ದಾವಣಗೆರೆಯಲ್ಲಿ
ನಾನು ಸಹಿ ಹಾಕಿದ್ದು ಮಂಡಕ್ಕಿ ಭಟ್ಟಿ ಕಡೆಯ ಕಂಬಗಳಲ್ಲೇ ಹೆಚ್ಚು.

ಹಬ್ಬ ಬಂತೆಂದರೆ ಸಾಹೇಬರು ಪಟ್ಟಿ ಕೇಳುತ್ತಿದ್ದರು.
ಹೊಸದಾಗಿ ಬರೆಯುವ ಕೆಲಸವಿರಲಿಲ್ಲ,
ಹೋದ ವರ್ಷದ್ದೇ, ತಾರೀಖು ತಿದ್ದಿದರಾಯಿತು:
ಪಂಕ್ಚರ್ ಅಂಗಡಿಯ ಮುಕ್ತಿಯಾರ್,
ಒಮ್ಮೆ ಸಿನಿಮಾ ಟಿಕೇಟಿಗೆ ಜಗಳಾಡಿದ ಸೈಲಾನಿ,
ಸತ್ತು ಎರಡು ವರ್ಷವಾಗಿದ್ದ ಅವನಪ್ಪ.
ಸತ್ತವನನ್ನೂ ಮುಚ್ಚಳಿಕೆಗೆ ಕರೆಯಲು ಹೋಗಿದ್ದೆ.
ಬಾಗಿಲಲ್ಲಿ ನಿಂತು ಅವನ ಹೆಂಡತಿ ನಕ್ಕಿದ್ದಳು.

ನನ್ನ ಮನೆಯ ಓಣಿಯಲ್ಲಿ ಕಂಬವಿತ್ತು, ಡಬ್ಬಿ ಇರಲಿಲ್ಲ.
ಬೇಕೆಂದು ಯಾರಿಗೂ ಅನಿಸಿರಲಿಲ್ಲ. ನನಗೂ.
ಗರಡಿಮನೆಯ ಕೆಮ್ಮಣ್ಣು ಬಗೆದು ಹಾಕಿ
ಟೈಲ್ಸ್ ಕೂರಿಸಿದ ವರ್ಷ
ಹುಡುಗರು ಕುಸ್ತಿ ಬಿಟ್ಟು ಭಾಷಣ ಕೇಳತೊಡಗಿದರು.
ಶನಿವಾರ ರಾತ್ರಿ ಷಟರ್ ಅರ್ಧ ಇಳಿದಿರುತ್ತಿತ್ತು,
ಹೊರಗೆ ಸಾಲಾಗಿ ಚಪ್ಪಲಿ. ಎಣಿಸಿದ್ದೇನೆ, ನಲವತ್ತೆರಡು ಜೊತೆ.
ಎಣಿಸಿ, ಪರವಾಗಿಲ್ಲ, ಶಿಸ್ತು ಕಲಿತಿದ್ದಾವೆ ಅಂದುಕೊಂಡೆ.

ಬಕ್ಕೇಶ ಅಲ್ಲಿಗೇ ಹೋಗುತ್ತಿದ್ದ, ಎದುರುಮನೆ ಗಿರಿಜವ್ವನ ಮಗ,
ನನ್ನ ಬೈಕಿನ ಟ್ಯಾಂಕಿನ ಮೇಲೆ ಕೂತು ಬೆಳೆದ ಕೂಸು.
ಒಂದಿನ ಮಿರ್ಚಿ ತಿನ್ನುತ್ತ ಕೇಳಿದ:
"ಮಾಮ, ಖಲಂದರ್ ಸಾಬನ ಭಟ್ಟಿ ಯಾವ ಸಾಲು?
ರಾತ್ರಿ ಅಲ್ಲಿ ಯಾರ್ ಮಲಗ್ತಾರೆ?"
ಅಂಚೆಯವನಿಗೆ ಹೇಳಿದಂತೆ ಹೇಳಿದೆ.
ಮೂರನೇ ಸಾಲು, ಬೇವಿನಮರದ ಮಗ್ಗುಲು.
ಯಾರೂ ಇಲ್ಲ, ಒಬ್ಬ ಮುದುಕ, ಭತ್ತದ ಚೀಲದ ಮೇಲೆ.

ಆ ನಸುಕಿನಲ್ಲಿ ಬೂದಿ ಇನ್ನೂ ಬಿಸಿಯಿತ್ತು,
ಉಳಿದ ಭತ್ತ ಅಲ್ಲಲ್ಲಿ ತನ್ನಷ್ಟಕ್ಕೆ ಅರಳುತ್ತಿತ್ತು,
ಚಟ್,
ಚಟ್.
ಮುದುಕನ ಮೇಲೆ ನನ್ನದೇ ಟವೆಲ್ಲು ಹೊದಿಸಿದೆ. ಸಾಲಲಿಲ್ಲ.
ಸಾಹೇಬರು ಹೇಳಿದರು, ನಾನು ಬರೆದೆ, ನನ್ನ ಅಕ್ಷರ ದುಂಡಗೆ:
ಶಾರ್ಟ್ ಸರ್ಕ್ಯೂಟ್.
ಬಿಲ್ಲು ಕಟ್ಟಲಿಲ್ಲವೆಂದು ಎರಡು ತಿಂಗಳ ಹಿಂದೆಯೇ
ಆ ಭಟ್ಟಿಯ ಕರೆಂಟು ಕಿತ್ತಿದ್ದರು.
"ನಮ್ಮ ಹುಡುಗ್ರು ಕಣಯ್ಯಾ, ಬಿಸಿರಕ್ತ"
ಅಂದರು, ಚಹಾ ಊದಿ ಆರಿಸಿಕೊಳ್ಳುತ್ತ.

ಮುಂದಿನ ಹಬ್ಬಕ್ಕೆ ಪಟ್ಟಿಯಲ್ಲಿ ಒಂದೇ ಒಂದು ಹೊಸ ಹೆಸರು:
ಖಲಂದರ್ ಸಾಬ್. ಕಾರಣ: ಅಸಮಾಧಾನ.

ರಿಟೈರಾದ ಮೇಲೂ ಎರಡಕ್ಕೆ ತಾನೇ ಎಚ್ಚರವಾಗುತ್ತದೆ.
ಬಕ್ಕೇಶ ಆಗಷ್ಟೇ ಬಂದು ಗಾಡಿ ನಿಲ್ಲಿಸುತ್ತಿರುತ್ತಾನೆ.
ತನ್ನ ಗೇಟಿಗೆ ಬೀಗ ಹಾಕಿ
ನನ್ನ ಗೇಟಿನ ಚಿಲಕವನ್ನೂ ಒಮ್ಮೆ ಎಳೆದು ನೋಡುತ್ತಾನೆ.
ಕಿಟಕಿಯಲ್ಲಿ ನನ್ನ ಕಂಡರೆ ಮೆಲ್ಲಗೆ,
ಓಣಿಯ ನಿದ್ದೆ ಕೆಡಬಾರದೆಂಬಂತೆ,
"ಮಲಕ್ಕೋ ಮಾಮ, ನಾವಿದೀವಲ್ಲ."

ಜೇಬಿನಲ್ಲಿ ಪೆನ್ನು ಹುಡುಕುತ್ತೇನೆ.
ಬನಿಯನ್ನಿಗೆ ಜೇಬಿಲ್ಲ.