ಎಡಹಾಳಿ, ಬಲಹಾಳಿ

ಸೆಕೆಂಡ್ ಮಾಲಿನ ಟಾವೆಲ್ ಗೋಣಿಯೊಳಗ
ಮೂರು ಮರಿ.
ತಾಯಿ ಎಲ್ಲಿ ಹೋತು ಅನ್ನೂದು
ಅಕ್ಕಲಕೋಟ ರೋಡಿನ ಟ್ರಕ್ಕಿಗೇ ಗೊತ್ತು.

ಕಣ್ಣಿಲ್ಲ ಅನ್ಕೊಂಡೆ ಮೊದಲ.
ಇದ್ದವು. ಕೀವು ಒಣಗಿ, ಗೋಂದು ಹಚ್ಚಿದ ಲಕೋಟಿ ಆಗಿದ್ದವು.
ಚಹಾದ ಕಿಟ್ಲಿಯಾಗ ಕಾಸಿದ ನೀರು, ಚೂರು ಹತ್ತಿ
(ಸೊಲ್ಲಾಪುರದಾಗ ಹತ್ತಿಗೇನು ಬರ?)
ಒಳಮೂಲಿಯಿಂದ ಹೊರಗ ಒಂದ ಸಲ ಒರಸೂದು,
ಆ ಚೂರು ಒಗದು, ಹೊಸಾ ಚೂರು.
ಹತ್ತನೇದಕ್ಕ ಒಂದು ಕಣ್ಣು ಬಿಚ್ಚಿತು.
ನೀಲಿ. ಅಂಥಾ ನೂಲು
ಗಾಜುಲ ಸೇಠನ ಡೈಯಿಂಗಿನಾಗೂ ಇಲ್ಲ.

ಸೇಠ ಬಂದು ನೋಡಿದ. "ಇರಲಿ, ಇಲಿ ಹಿಡೀತಾವು" ಅಂದ.
ನಮ್ಮ ಗೋದಾಮಿನ ಇಲಿ ಇವನ್ನ ಕಂಡಿದ್ರ
ಎತ್ತಿ ಆಡಿಸ್ತಿದ್ವು.

ದವಾಖಾನಿಯ ಡಾಕ್ಟರಬಾಯಿ ಮರಾಠಿಯೊಳಗ ಬೈದಳು:
ಆಕಳ ಹಾಲು ಹಾಕಬ್ಯಾಡ, ಹೊಟ್ಟಿ ಹರೀತದ.
ಬೆಕ್ಕಿಗೆ ಹಾಲು ಬ್ಯಾಡಂದ್ರ
ನಮ್ಮವ್ವ ಹೇಳಿದ ಕತಿ ಎಲ್ಲಾ ಸುಳ್ಳಾತಲ್ಲ!
ಆಡಿನ ಹಾಲು, ಡ್ರಾಪರಿನಾಗ, ಎರಡು ತಾಸಿಗೊಮ್ಮೆ,
ಅಂಗಾತ ಹಿಡದಲ್ಲ, ಹೊಟ್ಟಿ ಮ್ಯಾಲ ಮಲಗಿಸಿ.
ದಿನಾ ತೂಕ ಮಾಡು. ಏರಬೇಕು.
ಇಳೀತಂದ್ರ ಕೂಡ್ಲೇ ಬಾ.

ಕುಡದ ಮ್ಯಾಲ ಏನು ಅನ್ನೂದು ಆಕಿ ಹೇಳಲಿಲ್ಲ.
ಪೋಚವ್ವ ಹೇಳಿದಳು,
ಆರು ಹಡದಾಕಿ, ನಾಲ್ಕು ಉಳಿಸಿಕೊಂಡಾಕಿ:
"ಹಸೀ ಬಟ್ಟಿಲೆ ಹೊಟ್ಟಿ ಕೆಳಗ ತಿಕ್ಕು,
ತಾಯಿ ನೆಕ್ಕತಾಳಲ್ಲ, ಹಂಗ.
ಇಲ್ಲಂದ್ರ ಉಚ್ಚೀನೂ ಬರೂದಿಲ್ಲ ಇವಕ್ಕ."
ತಿಕ್ಕಿದೆ. ಬೊಗಸಿಯೊಳಗ ಬೆಚ್ಚಗಾತು.
ಇಬ್ಬರೂ ನಕ್ಕೆವು, ದಿವಾಳಿ ಬೋನಸ್ ಬಂದವರಂಗ.

ನೂಲು ತೂಗೂ ಕಾಟಾದ ಮ್ಯಾಲ ತೂಗಿದೆ.
ಪಗಾರಿನ ವಹಿಯಾಗ ಎಡಹಾಳಿಗೆ ಟಾವೆಲ್,
ಬಲಹಾಳಿಗೆ ಮರಿ.
ಸೋಮವಾರ ತೊಂಬತ್ತಾರು ನಗ.
ಕರೀದು ನೂರಾ ಎಪ್ಪತ್ತು, ಪಟ್ಟೀದು ನೂರಾ ಅರವತ್ತೆರಡು,
ಕೆಂಪಂದು ನೂರಾ ನಲವತ್ತು.
ಮಂಗಳವಾರ ನೂರಾ ಎರಡು ನಗ.
ಎಪ್ಪತ್ತೆಂಟು, ಎಪ್ಪತ್ತು, ನಲವತ್ತು.
ಬುಧವಾರ ಕೆಂಪಂದು ಮೂವತ್ತಾರು.
ನಾಳೆ ಹೋಗೂಣು ಅಂದೆ. ಶಿಫ್ಟ್ ಇತ್ತು.

ಮುಂಜಾನೆ ಅದು ನನ್ನ ತಲಿದಿಂಬಿನ ಬಾಜೂಕ
ಸೆಟದು ಬಿದ್ದಿತ್ತು.
ಗ್ವಾಡಿ ಆಚೀಕಡಿಯ ನಸೀಮಾ ಕೇಳಿದಳು,
"ರಾತ್ರಿ ಪೂರಾ ಒದರತಿತ್ತಲ್ಲ ಬಾಯಿ, ಹಸದಿತ್ತೇನು?"

ಹತ್ತೊಂಬತ್ತು ವರ್ಷ ಮಗ್ಗದ ಬಾಜೂಕ ನಿಂತ ಕಿವಿ.
ಗ್ವಾಡಿ ಆಚೆ ಆಕಿಗೆ ಕೇಳಿತ್ತು.
ಗೇಣು ದೂರದಾಗ ನನಗ ಇಲ್ಲ.
ಇದನ್ನ ಯಾವ ಹಾಳಿಗೆ ಬರೀಲಿ?

ಎಳಿ ತಪ್ಪಿದ್ದಕ್ಕ ರಿಜೆಕ್ಟ್ ಆದ ಟಾವೆಲ್ಲಿನಾಗ ಸುತ್ತಿ
ಬಾಯ್ಲರ್ ಹಿಂದಿನ ಬೇವಿನ ಗಿಡದ ಕೆಳಗ ಇಟ್ಟೆವು.
ಸಂಜೀಕ ಎಣಿಸೂವಾಗ ಒಂದು ನಗ ಕಡಿಮಿ ಬಂತು.
ಸೇಠ ಮತ್ತೊಮ್ಮೆ ಎಣಿಸಿದ, ಸರಿ ಅದ ಅಂದ.

ಆ ರಾತ್ರಿಯಿಂದ ಕೈ ಡಬ್ಬಿಯೊಳಗಿಟ್ಟ ಮಲಗೂದು.
ಬಾಯಿ ತೆರದ್ರ ಅಂಗೈಗೆ ತಿಳೀತದ,
ಹಲ್ಲು ಬರದ ಸಣ್ಣ ಬಿಸಿ.
ಏಳತೇನಿ. ಹಾಲು ಕಾಸತೇನಿ.

ಕರೀದು ಪೋಚವ್ವನ ಮನಿಗೆ ಹೋತು,
ತೆಲುಗಿನಾಗ ಕರದ್ರಷ್ಟ ಹೊಳ್ಳಿ ನೋಡ್ತದ ಈಗ.
ಪಟ್ಟೀದು ಉಳೀತು. ಎಡಗಣ್ಣು ಹೋತು,
ಒಂದರ ಲೆಕ್ಕದಾಗ ಜಿಗೀತದ, ಗುರಿ ತಪ್ಪತದ,
ಯಾರೋ ನೂಕಿದವರಂಗ ನನ್ನ ಕಡೆ ನೋಡ್ತದ.

ಇವತ್ತ ಕರೆಂಟಿನ ಸೂಟಿ. ನೀಲಂ ನಗರದ ಮಗ್ಗ ಎಲ್ಲಾ ನಿಂತಾವು.
ಕೈ ಮಾತ್ರ ನಡಗತದ.
ಹಳೇ ನಡುಕ, ಎಲುಬಿಗಿ ಹತ್ತೇದ, ಅನ್ಕೊಂಡೆ.
ಕೈ ತಗದೆ. ನಿಂತಿತು.
ಮತ್ತ ಅದರ ಬೆನ್ನ ಮ್ಯಾಲ ಇಟ್ಟೆ.
ಚಾಲೂ ಆತು.

ಎಡಹಾಳಿ ಖಾಲಿ. ಸೂಟಿಗೆ ಪಗಾರಿಲ್ಲ.
ಬಲಕ್ಕ ಬರದೆ: ಪಟ್ಟೀದು, ಮುನ್ನೂರಾ ಹನ್ನೊಂದು.
ಕೆಂಪಂದರ ಜಾಗಾ ಬಿಟ್ಟೇನಿ.
ಗೀಟು ಹೊಡದಿಲ್ಲ.