ಗುರುವಾರ, ನಾಲ್ಕೂಕಾಲು

ಪೆನ್ರಿತ್ ಪೇಟೆಯ ಪಶುವೈದ್ಯಶಾಲೆ.
ಮುಂಗೋಣೆಯ ಮೇಜಿನ ಹಿಂದೆ ನನಗದು ಎರಡನೇ ವಾರ.
ಕುರಿ ಸಾಕುವವರ ಇಂಗ್ಲಿಷು ಫೋನಿನೊಳಗೆ
ಒದ್ದೆ ಉಣ್ಣೆಯ ಹಾಗೆ ಭಾರ,
ಎಷ್ಟು ಹಿಂಡಿದರೂ ಎರಡೇ ಹನಿ ಅರ್ಥ.

'ಹೆಡ್ಲಿ ರೌಟ್ಲೆಜ್ ಮಾತಾಡೋದು.
ನಮ್ಮ ಟ್ವೀಡ್‌ನ ಪುಟ್ ಡೌನ್ ಮಾಡಿಸಬೇಕಿತ್ತು.'
ಗುರುವಾರ ನಾಲ್ಕೂಕಾಲಕ್ಕೆ ಬಿಡುವಿದೆ, ಅಂದೆ.
'ಆಗಲಿ, ಅದಕ್ಕೆ ನನ್ನನ್ನ ಪುಟ್ ಡೌನ್ ಮಾಡಿಕೋ,'
ಅಂದವನೇ ಫೋನ್ ಪುಟ್ ಡೌನ್ ಮಾಡಿದ.

ಎರಡು ಸಲ ಆಡಿದ, ಒಂದು ಸಲ ಮಾಡಿದ.
ನಾಯಿಗೆ, ತನಗೆ, ಫೋನಿಗೆ
ಒಂದೇ ಮಾತು ಸಾಕಾಗುವ ಜನ.

ಪುಟ್ ಅಂದರೆ ಇಡು, ಡೌನ್ ಅಂದರೆ ಕೆಳಗೆ.
ಪಾನೆವೇಜಿಸ್ ಊರಿನ ಶಾಲೆಯಲ್ಲಿ
ಸೀಮೆಸುಣ್ಣದ ಧೂಳು ಕುಡಿದು ಕಲಿತದ್ದು ಇಷ್ಟು.
ಮುದಿ ನಾಯಿ. ಸೊಂಟ ಹೋಗಿರಬೇಕು.
ಗಾಡಿಯಿಂದ ಎತ್ತಿ ನೆಲಕ್ಕಿಡಲು ಆಳಿಲ್ಲ, ಪಾಪ.
ದಿನಚರಿಯಲ್ಲಿ ಬರೆದಿಟ್ಟೆ:
'ಟ್ವೀಡ್. ಕೆಳಗಿಡಬೇಕು. ಒಬ್ಬರು ಹೊರಗೆ ನಿಂತಿರಲಿ.'

ಆ ಒಬ್ಬರು ನಾನೇ.
ಗುರುವಾರ ನಾಲ್ಕಕ್ಕೇ ಕಂಬಳಿ ಹಿಡಿದು
ಜಲ್ಲಿಕಲ್ಲಿನ ಅಂಗಳದಲ್ಲಿ ನಿಂತೆ.
ಗಾಳಿ ಬೆಟ್ಟದಿಂದ ಇಳಿದು ಕಿವಿ ಕಚ್ಚುತ್ತಿತ್ತು.
ಹೆಡ್ಲಿ ಬಂದ, ನಾಯಿ ಅವನ ತೋಳಲ್ಲಿತ್ತು,
ಅದರ ಗದ್ದ ಅವನ ಹೆಗಲ ಮೇಲೆ.
ಕಲಿತದ್ದನ್ನೆಲ್ಲ ಒಟ್ಟುಮಾಡಿ ಅಂದೆ:
'ಕೊಡಿ ಇಲ್ಲಿ, ನಾನೇ ಪುಟ್ ಡೌನ್ ಮಾಡ್ತೀನಿ.'

ಅವನು ನನ್ನ ಕೈ ನೋಡಿದ. ಬಹಳ ಹೊತ್ತು.
'ಇಲ್ಲೇನಾ?' ಅಂದ.
'ಮತ್ತಿನ್ನೆಲ್ಲಿ?' ನಕ್ಕೆ ನಾನು. ನಕ್ಕುಬಿಟ್ಟೆ.
ಕಂಬಳಿ ಸುತ್ತಿ ತೆಗೆದುಕೊಂಡೆ, ಬಗ್ಗಿದೆ,
ನಾಲ್ಕು ಪಾದವನ್ನೂ ಒಂದೊಂದಾಗಿ ಜಲ್ಲಿಯ ಮೇಲೆ ಇಟ್ಟೆ.
ಟ್ವೀಡ್ ತೂಗಾಡಿತು, ನಿಂತಿತು,
ಡಾಕ್ಟರಮ್ಮನ ಕಾರಿನ ಚಕ್ರ ಮೂಸಿ
ಕಾಲೆತ್ತಲಾರದೆ ನಿಂತಲ್ಲೇ ಒಯ್ದಿತು.

ಒಳಗೆ ನರ್ಸ್ ಗ್ಲೆನಿಸ್ ನನ್ನ ತೋಳು ಹಿಡಿದು
ಔಷಧದ ಕಪಾಟಿನ ಮರೆಗೆ ಎಳೆದು ಹೇಳಿದಳು.

ಗ್ಲೆನಿಸ್‌ಳ ತಂಗಿ ದಿನಾ ಸಂಜೆ ಏಳಕ್ಕೆ
ಕೂಸನ್ನು ಪುಟ್ ಡೌನ್ ಮಾಡುತ್ತಾಳೆ, ಸದ್ದು ಮಾಡಬೇಡಿ ಅನ್ನುತ್ತಾಳೆ.
ನನ್ನ ಬಾಡಿಗೆ ಕೋಣೆಗೆ ಇನ್ನೂರು ಪೌಂಡು ಪುಟ್ ಡೌನ್ ಮಾಡಿದ್ದೆ,
ಅದು ವಾಪಸು ಬರುತ್ತದಂತೆ, ಗೋಡೆಗೆ ಮೊಳೆ ಹೊಡೆಯದಿದ್ದರೆ.
ಮೊಟ್ಟೆ ಕಾರ್ಖಾನೆಯಲ್ಲಿ ಮೇಸ್ತ್ರಿ ಎಲ್ಲರೆದುರು
ನನ್ನ ಉಚ್ಚಾರವನ್ನು ಆಡಿ ತೋರಿಸಿದಾಗ
ಅದಕ್ಕೂ ಇದೇ ಹೆಸರು ಅಂತ ಆಮೇಲೆ ಗೊತ್ತಾಯಿತು;
ಕೆಳಗಿಟ್ಟದ್ದು ಮಾತ್ರ ಆಗಲೇ ಗೊತ್ತಾಗಿತ್ತು.
ಹುಡುಗಿಯಾಗಿದ್ದಾಗ ನಮ್ಮ ರಾಜಧಾನಿಗೆ ಟ್ಯಾಂಕು ಬಂದವು,
ಜನರನ್ನು ಪುಟ್ ಡೌನ್ ಮಾಡಲು.
ಅಪ್ಪ ರೇಡಿಯೋ ಕೆಳಗಿಡದೆ ಇಡೀ ರಾತ್ರಿ ಕೂತಿದ್ದ.

ನನ್ನ ಭಾಷೆಯಲ್ಲೂ ಒಂದು ಪದವಿದೆ, ಪದೇತಿ.
ಕೆಳಗಿಡು ಅಂತಲೂ ಹೌದು,
ನೆರವಾಗು ಅಂತಲೂ ಹೌದು.
ಇದನ್ನು ಹೆಡ್ಲಿಗೆ ಹೇಳಲು ಇಂಗ್ಲಿಷು ಸಾಲದೆ ಹೋಯಿತು.

ಐದಾಗುವ ಮುಂಚೆ ಹೊರಬಂದ.
ಕೈಯಲ್ಲಿ ಕೊರಳಪಟ್ಟಿ, ಮಡಿಸಿದ ಕಂಬಳಿ.
ಹಣ ಎಣಿಸುತ್ತ ತೆರೆದ ದಿನಚರಿಯನ್ನು
ತಲೆಕೆಳಗಾಗಿಯೇ ಓದಿದ, ಬೆರಳಿಟ್ಟು, ಒಂದೊಂದೇ ಅಕ್ಷರ.
ನಾನು ಕ್ಷಮೆ ಕೇಳಲು ಬಾಯಿ ತೆರೆದೆ.

'ಮೂರು ವಾರದಿಂದ ಎತ್ತಿಕೊಂಡೇ ತಿರುಗಿದೆ,' ಅಂದ,
'ನೆಲ ಮುಟ್ಟಿಸಲು ನನಗೆ ಹೊಳೆಯಲೇ ಇಲ್ಲ, ನೋಡು.'

ಬಾಗಿಲ ಹತ್ತಿರ ತಿರುಗಿ
ಪುಟ್ ಡೌನ್ ಮಾಡಿದ್ದಕ್ಕೆ ಥ್ಯಾಂಕ್ಸ್ ಅಂದ.
ಡಾಕ್ಟರಮ್ಮನೂ ಅಲ್ಲೇ ಇದ್ದರು,
ಅವನು ಯಾರನ್ನು ನೋಡಿ ಅಂದನೋ ಕಾಣಲಿಲ್ಲ.
ನಾವಿಬ್ಬರೂ ಒಟ್ಟಿಗೇ ತಲೆಯಾಡಿಸಿದೆವು.